ಕಡಲಿಗೆ ತುಂಬಿದ ಮಡಿಲು

ಅಣ್ಣನ ಕಣ್ಣು ಹೋಗುತ್ತಿದೆ ಎಂದು ನನಗೆ ತಿಳಿದದ್ದು ಪಾವಗಡದ ಹತ್ತಿರದ ರಾಯಚರ್ಲಿನ ಕಡೆ ಹೋಗುವ ಬಸ್ಸಿನಲ್ಲಿ. ಕಿಟಕಿ ಪಕ್ಕ ಕೂತಿದ್ದವನು ಹೊರಗೆ ನೋಡಿ, "ಈ ಕೆರೆ ಯಾವಾಗ ತುಂಬ್ತಮ್ಮ? ಕೋಡಿ ಬಿದ್ದಂಗೈತಲ್ಲ," ಎಂದ. ಹೊರಗಿದ್ದದ್ದು ಸೋಲಾರ್ ಹಲಗೆಗಳು, ದೃಷ್ಟಿ ಹಾಯುವಷ್ಟು ದೂರಕ್ಕೆ. ಹಿಂದಿನ ಸೀಟಿನವನು ಕಿಸಕ್ಕನೆ ನಕ್ಕ, ನಾನೂ ನಕ್ಕೆ. ತಮಾಷೆಗೆ ಅಂದಿದ್ದಾನೆ ಅಂದುಕೊಂಡೆ. ಆ ಹಲಗೆ ನಿಲ್ಲಿಸಲು ಬಂದ ಕೂಲಿಯವರಿಗೆ ಕುಡಿಯುವ ನೀರು ಬೇಕೆಂದಾಗ ಬೋರಿಗೆ ಮೋಟರ್ ಇಳಿಸಿಕೊಟ್ಟವನೇ ಅವನು. ಆದರೆ ಅವನು ನಗಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

ನಾವು ಮಧುಗಿರಿಯವರು. ನಾನು ಅಲ್ಲಿಯೇ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಮ್ಮನಾಗಿದ್ದೆ. ಅಣ್ಣ ಕೆಲಸದ ದಾರಿ ಹಿಡಿದು ಪಾವಗಡಕ್ಕೆ ಹೋಗಿ ನೆಲೆ ನಿಂತ. ಬೋರಿಗೆ ಮೋಟರ್ ಇಳಿಸುವುದು, ಕೆಟ್ಟದ್ದನ್ನು ಎತ್ತುವುದು, ಪೈಪಿಗೆ ಪೈಪು ಜೋಡಿಸುವುದು, ಇದೇ ಅವನ ಬಾಳು. ಬೋರಿನೊಳಗೆ ನೀರೆಷ್ಟು ಕೆಳಗಿದೆ ಎಂದು ನೋಡಲು ಅವನ ಹತ್ತಿರ ಒಂದು ಕನ್ನಡಿ ಚೂರಿತ್ತು. ನೆತ್ತಿಯ ಬಿಸಿಲನ್ನು ಅದರಲ್ಲಿ ಹಿಡಿದು ಕೊಳವೆಯೊಳಗೆ ಬಿಟ್ಟು, ಅಂಗಾತ ಮಲಗಿದ ಮಗುವಿನ ಮುಖ ನೋಡುವವನ ಹಾಗೆ ಬಗ್ಗಿ ನೋಡುತ್ತಿದ್ದ. ಕೆಳಗೆಲ್ಲೋ ಒಂದು ನಾಣ್ಯದಷ್ಟಗಲ ಹೊಳೆದರೆ, "ಅವ್ಳೆ ಕಣ್ರಪ್ಪ ಗಂಗಮ್ಮ, ಎದ್ದು ಕೂತವ್ಳೆ," ಎನ್ನುತ್ತಿದ್ದ. ಸುತ್ತ ನಿಂತವರ ಮುಖ ಅರಳುತ್ತಿತ್ತು.

ತುಮಕೂರಿನ ಕಣ್ಣಿನ ಡಾಕ್ಟರು ಅವನ ಎರಡೂ ಕಣ್ಣಿಗೆ ದೀಪ ಬಿಟ್ಟು ನೋಡಿ, ನರ ಒಣಗಿದೆ, ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕೆಲವು ದಿನ ತಡೆದು ನೋಡಬಹುದು ಎಂದರು. ಹೇಗೆ ಕಾಣುತ್ತದೆ ಎಂದು ಕೇಳಿದ್ದಕ್ಕೆ ಅಣ್ಣ, "ಬೋರಿನ ಕೇಸಿಂಗ್ ಪೈಪ್ನಾಗೆ ಇಣುಕಿದಂಗೆ ಸಾರ್. ನಡೂಕ್ ಕಾಣ್ತೈತೆ, ಸುತ್ತ ಎಲ್ಲ ಮಣ್ಣು," ಎಂದ. ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದರು.

ಹೊರಗೆ ಬಂದು ಕಾಫಿ ಕುಡಿಯುವಾಗ ಅವನು ತನ್ನ ಆಸೆ ಹೇಳಿದ. ಯಾರೋ ಗಿರಾಕಿ ತನ್ನ ಫೋನಿನಲ್ಲಿ ತೋರಿಸಿದ್ದನಂತೆ, ಸಮುದ್ರದೊಳಗೆ ಮುಖ ಇಟ್ಟುಕೊಂಡು ಜನ ತೇಲುತ್ತಾರೆ, ಕೆಳಗೆ ಬಣ್ಣ ಬಣ್ಣದ ಮೀನು. "ಇಷ್ಟು ವರ್ಷ ಮೇಲ್ನಿಂದ ಇಣುಕಿದ್ದೇ ಆಯ್ತು ಕಣಮ್ಮ. ನೀರು ತನ್ ಮನ್ಯಾಗೆ ಹೆಂಗಿರ್ತದೆ ಅಂತ ಒಂದ್ಸತಿ ಒಳಗ್ನಿಂದ ನೋಡ್ಬೇಕು. ಆಮ್ಯಾಕೆ ಕಣ್ಣು ಓದ್ರೆ ಓಗ್ಲಿ ಬುಡು."

ಅವನು ನನ್ನ ಬಳಿ ಏನನ್ನೂ ಕೇಳಿದವನಲ್ಲ. ನಾನು ಹುಡುಕಿದೆ. ಪಶ್ಚಿಮದ ಕಡಲಲ್ಲಿ ಒಂದು ನಡುಗಡ್ಡೆ, ಹಕ್ಕಿ ಮತ್ತು ಆಮೆಗಳಿಗಾಗಿ ಕಾಯ್ದಿಟ್ಟ ಜಾಗ. ಒಂದು ಸಲಕ್ಕೆ ಆರೇ ಜನ, ಜೊತೆಗೆ ಒಬ್ಬ ಗೈಡು, ಎರಡು ದಿನ ಡೇರೆಯಲ್ಲಿ ವಾಸ, ಎರಡನೆಯ ಬೆಳಿಗ್ಗೆ ನೀರಿಗೆ ಇಳಿಸುತ್ತಾರೆ. ಮಳೆಗಾಲಕ್ಕೆ ಮುಚ್ಚುವ ಮುಂಚಿನ ಕೊನೆಯ ತಂಡದಲ್ಲಿ ಎರಡು ಜಾಗ ಸಿಕ್ಕವು. ಅತ್ತಿಗೆ ಮಾತ್ರ, "ಮೊಮ್ಮಕ್ಕಳನ್ನ ಎತ್ಕಂಡು ತಿರ್ಗೋ ವಯ್ಸಲ್ಲಿ ಅಣ್ಣ ತಂಗಿ ಚೆಡ್ಡಿ ಆಕ್ಕಂಡು ಸಮುದ್ರುಕ್ ಬೀಳ್ತಾರಂತೆ," ಎಂದು ಬೀದಿಗೆಲ್ಲ ಕೇಳುವಂತೆ ಅಂದಳು. ಅನ್ನುತ್ತಲೇ ದಾರಿಗೆ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಳು.

ಇಲ್ಲಿ ನನ್ನ ತಪ್ಪಿನ ಮಾತು ಬರುತ್ತದೆ. ನಮ್ಮಜ್ಜಿ ಹೇಳುತ್ತಿದ್ದದ್ದು: "ಒಸಾ ನೀರು ಅಂದ್ರೆ ಮನೆಗೆ ಒಸ ಹೆಣ್ಮಗ್ಳು ಬಂದಂಗೆ. ಮಡ್ಲು ತುಂಬ್ದೆ ಮುಟ್ಬ್ಯಾಡ್ರಿ." ನಮ್ಮ ಕಡೆ ಬೋರಿನಲ್ಲಿ ನೀರು ಬಿದ್ದರೆ, ಬಾವಿಯಲ್ಲಿ ಒರತೆ ಒಡೆದರೆ, ಮೊದಲ ಚೆಂಬು ಎತ್ತುವ ಮುಂಚೆ ಹೆಂಗಸೊಬ್ಬಳು ಗಂಗಮ್ಮನ ಮಡಿಲು ತುಂಬಬೇಕು. ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಅರಿಶಿನದ ಕೊಂಬು, ಐದು ಹಸಿರು ಬಳೆ, ಒಂದು ರವಿಕೆ ಕಣ. ಅಣ್ಣ ಇಳಿಸಿದ ಎಷ್ಟೋ ಮೋಟರುಗಳ ಮುಂದೆ ನಾನೇ ನಿಂತು ತುಂಬಿದ್ದೇನೆ. ನೀರು ಕಂಡರೆ ಕೈಮುಗಿಯುವುದು ನಮ್ಮ ಬಯಲು ಸೀಮೆಯವರ ಕೈಗೇ ಅಂಟಿದ ಅಭ್ಯಾಸ. ಹೀಗಿರುವಾಗ ಅಷ್ಟು ದೊಡ್ಡ ನೀರಿಗೆ, ಅದೂ ಅಣ್ಣನ ಕಣ್ಣು ಉಳಿಸು ಎಂದು ಕೇಳಲು ಹೋಗುವಾಗ, ಬರಿಗೈಯಲ್ಲಿ ಹೋಗುವುದು ಹೇಗೆ?

ದೋಣಿ ಹತ್ತುವ ಕಡೆ ಗೈಡು ಎಲ್ಲರ ಚೀಲ ಬಿಚ್ಚಿಸಿದ. ಐವತ್ತು ದಾಟಿದ ಕರಾವಳಿಯ ಮನುಷ್ಯ, ಬಿಸಿಲಿಗೆ ಸುಟ್ಟ ಹೆಗಲು, ನಗು ಮುಖ. "ದ್ವೀಪದಿಂದ ಒಂದು ಚಿಪ್ಪು ತರುವ ಹಾಗಿಲ್ಲ, ಒಂದು ಕಾಳು ಬಿಡುವ ಹಾಗಿಲ್ಲ. ನೀರಿಗೆ ಏನೂ ಹಾಕಬಾರ್ದು, ಮೀನಿಗೆ ತಿಂಡಿ ಕೊಡಬಾರ್ದು. ಹಾಕಿದ್ರೆ ಫಾರೆಸ್ಟಿನವರು ಆ ಕ್ಷಣವೇ ನೀರಿಗಿಳಿಯೋದನ್ನ ಬಂದ್ ಮಾಡ್ತಾರೆ. ಮತ್ತೆ ನನ್ನತ್ರ ಅಳಬೇಡಿ ಮಾರಾಯ್ರೆ," ಎಂದ. ನನ್ನ ಚೀಲದಲ್ಲಿದ್ದ ಹುರಿದ ಕಡ್ಲೆಕಾಯಿಯನ್ನೂ ತೆಗೆದು ದಡದಲ್ಲೇ ಇರಿಸಿದ. ಮಡಿಲಕ್ಕಿಯ ಗಂಟು ನನ್ನ ಸೊಂಟದಲ್ಲಿತ್ತು, ಸೀರೆಯ ನೆರಿಗೆಯ ಒಳಗೆ. ಹೆಂಗಸಿನ ಸೊಂಟವನ್ನು ಯಾರು ತಡಕುತ್ತಾರೆ? ಪರಿಸರದ ಪಾಠವನ್ನು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಆ ನಿಯಮ ಬಿಸ್ಕತ್ತಿನ ಪೊಟ್ಟಣ ಬಿಸಾಡುವವರಿಗೆ, ಮಡಿಲಕ್ಕಿಗೆ ಅಲ್ಲ ಎಂದುಕೊಂಡಿದ್ದೆ. ಹಾಗೆ ನಿಜವಾಗಿಯೂ ನಂಬಿದ್ದೆ.

ದ್ವೀಪದಲ್ಲಿ ಕರಿಬಂಡೆ, ಕುರುಚಲು ಗಿಡ, ತಲೆ ಮೇಲೆ ಸದಾ ಕೂಗುವ ಬಿಳಿ ಹಕ್ಕಿಗಳು. ಗುರುತು ಹಾಕಿದ ಜಾಗದಲ್ಲಷ್ಟೇ ಡೇರೆ. ನಮ್ಮ ಜೊತೆ ಬಂದಿದ್ದ ನಾಲ್ವರು ತಮ್ಮ ಪಾಡಿಗೆ ಇದ್ದ ಸ್ನೇಹಿತರು. ಅಂದು ಮಧ್ಯಾಹ್ನ ಗೈಡು ಎಲ್ಲರಿಗೂ ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಮತ್ತು ಬಾಯಲ್ಲಿ ಕಚ್ಚುವ ಕೊಳವೆ ಕೊಟ್ಟು, ನೀರು ತುಂಬಿದ ಒಂದು ಟಬ್ಬಿನಲ್ಲಿ ಮುಖ ಇಟ್ಟು ಉಸಿರಾಡುವುದನ್ನು ಕಲಿಸಿದ. ಉಳಿದವರು ಹತ್ತು ನಿಮಿಷಕ್ಕೆ ಕಲಿತರು. ಬಾವಿಯಲ್ಲಿ ಈಜು ಕಲಿತ ನಮ್ಮಣ್ಣನಿಗೆ ಮಾತ್ರ ಆಗಲಿಲ್ಲ. ಮುಖ ನೀರಿಗೆ ತಾಗಿದ ಕೂಡಲೇ ಉಸಿರು ಬಿಗಿ ಹಿಡಿಯುತ್ತಿದ್ದ.

"ಬಾಯಲ್ಲಿ ಉಸಿರಾಡಿ ಅಣ್ಣ, ಬಾಯಲ್ಲಿ. ಎಂಥ ಹೆದರಿಕೆ?"

"ಎದ್ರಿಕೆ ಅಲ್ಲ ಸ್ವಾಮಿ. ನೀರ್ನಾಗೆ ಉಸ್ರು ಬುಟ್ರೆ ಪ್ರಾಣ ಬುಟ್ಟಂಗೆ ಅಂತ ನಮ್ಮಪ್ಪ ಬೆನ್ನಿಗೆ ಬಾರ್ಸಿ ಕಲ್ಸವ್ನೆ. ಆ ಏಟು ಇನ್ನೂ ಮಾಸಿಲ್ಲ."

"ನಿಮ್ಮಪ್ಪನ ಹತ್ರ ನಾನು ಮಾತಾಡ್ತೇನೆ, ನೀವು ಉಸಿರಾಡಿ."

"ಮಾತಾಡೋಕೆ ಮ್ಯಾಲಕ್ಕೇ ಓಗ್ಬೇಕು ನೀವು."

ಗೈಡು ಹೊಟ್ಟೆ ಹಿಡಿದು ನಕ್ಕ. ಆದರೆ ಬಿಡಲಿಲ್ಲ. ಹೊತ್ತು ಇಳಿಯುವವರೆಗೂ ಇಬ್ಬರೂ ಆ ಟಬ್ಬಿನ ಮುಂದೆ ಕೂತಿದ್ದರು. ಕೊನೆಗೊಮ್ಮೆ ಕೊಳವೆಯ ತುದಿಯಿಂದ ಬುಸ್ ಬುಸ್ ಎಂದು ಉಸಿರು ಬಂತು, ನಿಲ್ಲದೆ ಬಂತು. ಅಣ್ಣ ತಲೆ ಎತ್ತಿ ಮುಖವಾಡ ಕಿತ್ತು, "ನನ್ ಕೈ ಕಾಣ್ತು ಕಣಮ್ಮ. ದಪ್ಪಗೆ, ಬೆರಳಿನ ಗೆರೆ ಎಲ್ಲ ಕಾಣ್ತು," ಎಂದ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಯಾವ ಮದುವೆಯಲ್ಲೂ ಕಂಡಿಲ್ಲ.

ಬೆಳಿಗ್ಗೆ ಕಡಲು ಶಾಂತವಾಗಿತ್ತು. ಗೈಡು ಇಬ್ಬಿಬ್ಬರನ್ನೇ ಇಳಿಸುತ್ತಿದ್ದ. ಅಣ್ಣನಿಗೆ ಕೈ ಹಿಡಿದುಕೊಂಡೇ ಇರಬೇಕು, ಆದ್ದರಿಂದ ಅವನ ಸರದಿ ಕೊನೆಗೆ, ಒಬ್ಬನದೇ; ನಾನು ಇಳಿಯುವವಳಲ್ಲ ಎಂದಿದ್ದೆ. ಮೊದಲ ಇಬ್ಬರು ಹೋಗಿ ಬಂದರು. ಮತ್ತಿಬ್ಬರು ಇಳಿದರು. ಅಣ್ಣ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಮುಖವಾಡವನ್ನು ಹಣೆಗೆ ಏರಿಸಿಕೊಂಡು, ಬಂಡೆಯ ಮೇಲೆ ಮದುಮಗನ ಹಾಗೆ ಕೂತಿದ್ದ.

ಇನ್ನು ಅವನದೇ ಸರದಿ ಎಂದಾಗ ನಾನು ಬಂಡೆಯ ಮಗ್ಗುಲಿಗೆ ಸರಿದೆ. ಗಂಟು ಬಿಚ್ಚಿದೆ. "ಅಮ್ಮಾ, ಅವನಿಗೆ ಕಾಣುವಷ್ಟನ್ನಾದರೂ ಉಳಿಸಿಕೊಡು" ಎಂದು ಬೇಡಿಕೊಂಡು ಎಲ್ಲವನ್ನೂ ನೀರಿಗೆ ಬಿಟ್ಟೆ. ಅರಿಶಿನ ಹಚ್ಚಿದ ಅಕ್ಕಿ ಹಳದಿ ಮೋಡದ ಹಾಗೆ ಹರಡಿತು. ಎಲ್ಲಿಂದಲೋ ಮೀನುಗಳು ನುಗ್ಗಿ ಬಂದವು, ನೀರು ಕುದಿಯುವಂತೆ ಕಂಡಿತು. ಗಂಗಮ್ಮ ಒಪ್ಪಿಕೊಂಡಳು ಎಂದು ಕೈಮುಗಿದೆ. ರವಿಕೆ ಕಣ ಮಾತ್ರ ಮುಳುಗದೆ ತೇಲುತ್ತಾ ಹೊರಗಿನ ನೀರಿಗೆ ಹೊರಟಿತು.

ಮೇಲಿನ ದಿಬ್ಬದಿಂದ ಸೀಟಿ ಕೇಳಿಸಿತು. ಫಾರೆಸ್ಟಿನ ವಾಚರು ದುರ್ಬೀನು ಹಿಡಿದು ನಿಂತಿದ್ದ.

ಅವನು ಕೆಳಗಿಳಿದು ಬಂದು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಮ್ಮ, ಆ ಬಟ್ಟೆಯನ್ನ ಆಮೆ ಅಂಬಲಿಮೀನು, ಅದೇ ಜೆಲ್ಲಿಫಿಶ್, ಅಂದ್ಕೊಂಡು ನುಂಗ್ತದೆ. ಸತ್ತ ಆಮೆ ಹೊಟ್ಟೆಯಿಂದ ಇಂಥದ್ದನ್ನ ನನ್ನ ಕೈಯಾರೆ ತೆಗೆದಿದ್ದೇನೆ," ಎಂದ. ಗೈಡಿನ ಕಡೆ ತಿರುಗಿ, ಇನ್ನು ಯಾರೂ ಇಳಿಯುವ ಹಾಗಿಲ್ಲ ಎಂದ. ನೀರಿನಲ್ಲಿದ್ದ ಇಬ್ಬರೂ ಮೇಲೆ ಬಂದರು. ಅವರ ನೋಟ ಮುಗಿದಿತ್ತು. ಉಳಿದದ್ದು ಅಣ್ಣನೊಬ್ಬನದೇ.

ನಾನು ಆ ವಾಚರಿನ ಕಾಲಿಗೆ ಬೀಳಲು ಹೋದೆ. ಅವನು ಹಿಂದೆ ಸರಿದ. ಕಣ್ಣಿನ ವಿಷಯ ಹೇಳಿದೆ, ಡಾಕ್ಟರು ಅಂದದ್ದು ಹೇಳಿದೆ. ಗೈಡೂ, "ಐದು ನಿಮಿಷ ಸಾರ್, ನಾನೇ ಹಿಡ್ಕೊಂಡಿರ್ತೇನೆ," ಎಂದು ಅಂಗಲಾಚಿದ. ವಾಚರು, "ಹೋದ ತಿಂಗಳು ಒಬ್ಬರನ್ನ ಬಿಟ್ಟೆ ಅಂತ ನನ್ನ ಮೇಲೆ ರಿಪೋರ್ಟ್ ಬರೆದಿದ್ದಾರೆ. ಇನ್ನೊಂದು ಸಲ ಆದ್ರೆ ಈ ಕೆಲಸವೇ ಇಲ್ಲ. ನನ್ನನ್ನ ಕೇಳಬೇಡಿ," ಎಂದ.

ಅಣ್ಣ ಹಣೆಯ ಮುಖವಾಡ ತೆಗೆದು ಬಟ್ಟೆಯಲ್ಲಿ ಒರೆಸಿ ಬಂಡೆಯ ಮೇಲಿಟ್ಟ. "ಪರ್ವಾಲೇದು ಬುಡಮ್ಮ," ಎಂದ. ಪಾವಗಡದಲ್ಲಿ ಕಲಿತ ತೆಲುಗು ಮಾತು, ಪರವಾಗಿಲ್ಲ ಅಂತ. ಮೋಟರ್ ಕೈ ಜಾರಿ ಬೋರಿನ ತಳಕ್ಕೆ ಬಿದ್ದಾಗ ಅವನು ಗಿರಾಕಿಗಳಿಗೆ ಹೇಳುತ್ತಿದ್ದದ್ದೂ ಅದನ್ನೇ.

ಹಾಕಿದ್ದನ್ನೆಲ್ಲ ವಾಪಸ್ ತೆಗೆಯಬೇಕೆಂದು ವಾಚರು ಹೇಳಿದ. ಗೈಡು ಈಜಿ ಹೋಗಿ ರವಿಕೆ ಕಣ ಹಿಡಿದು ತಂದ. ಆಮೇಲೆ ಮುಖವಾಡ ಹಾಕಿಕೊಂಡು ಬಳೆಗಳಿಗಾಗಿ ಮುಳುಗಿದ. ಒಂದೊಂದನ್ನೇ ತಂದು ಬಂಡೆಯ ಮೇಲಿಟ್ಟ. ಪ್ರತಿ ಸಲ ಅವನು ಮೇಲೆ ಬಂದಾಗಲೂ ಅಣ್ಣ ಬಗ್ಗಿ ಕೂತು ಕೇಳುತ್ತಿದ್ದ.

"ಕೆಳಗೆ ಏನ್ ಕಾಣ್ತು ಸ್ವಾಮಿ?"

"ಹವಳದ ಬಂಡೆ ಅಣ್ಣ. ನಮ್ಮ ಹೂಕೋಸಿನ ಹಾಗೆ."

"ನೀರಿನ ಬಣ್ಣ?"

"ಕೆಳಗೆ ಹೋದ ಹಾಗೆ ಹಸಿರು. ಬಿಸಿಲು ಕೋಲು ಕೋಲಾಗಿ ಇಳೀತದೆ."

"ಕೋಲಂಗೆ ಇಳೀತದಾ," ಎಂದು ಅಣ್ಣ ತನ್ನಷ್ಟಕ್ಕೇ ಹೇಳಿಕೊಂಡ.

ಗೈಡು ಮೂಗು ಒರೆಸಿಕೊಂಡು ಮತ್ತೆ ಮುಳುಗಿದ. ಅವನ ಪಾದಗಳು ಬಿಳಿಚಿಕೊಂಡು ಕೆಳಗಿಳಿಯುವುದು ನನಗೆ ಮೇಲಿನಿಂದ ಕಾಣುತ್ತಿತ್ತು. ಅಣ್ಣನಿಗೆ ಅದೂ ಕಾಣುತ್ತಿರಲಿಲ್ಲವೆಂದು ತೋರುತ್ತದೆ, ನೀರಿನ ಹೊಳಪಿಗೆ ಕಣ್ಣು ಕಿರಿದು ಮಾಡಿ ಎತ್ತಲೋ ನೋಡುತ್ತಿದ್ದ. ನಾಲ್ಕು ಬಳೆ ಸಿಕ್ಕವು. ಐದನೆಯದು ಸಿಗಲಿಲ್ಲ.

ವಾಪಸ್ ಬರುವ ದೋಣಿಯಲ್ಲಿ ಆ ನಾಲ್ವರು ಕಂಡದ್ದನ್ನು ಹೇಳಿಕೊಂಡು ನಗುತ್ತಿದ್ದರು. ಅವರಲ್ಲೊಬ್ಬಳು ಅಣ್ಣನ ಕಡೆ ನೋಡಿ ಮಾತು ನಿಲ್ಲಿಸಿದಳು. ಆ ಮೌನ ನನಗೆ ನಗುವಿಗಿಂತ ಕಷ್ಟವಾಯಿತು. "ಅಣ್ಣ, ನನ್ನನ್ನ ಬೈದುಬಿಡು," ಎಂದೆ. "ಯಾಕ್ ಬೈಲಿ? ನಾನಾಗಿದ್ರೂ ಅದ್ನೇ ಮಾಡ್ತಿದ್ದೆ. ನೀನು ತುಂಬ್ದೇ ಇದ್ದಿದ್ರೆ ನಾನೇ ಕೇಳ್ತಿದ್ದೆ, ತುಂಬುದ್ಯೇನಮ್ಮ ಅಂತ," ಎಂದ. ಸಮಾಧಾನಕ್ಕೆ ಹೇಳಿದನೋ, ನಿಜವೋ ತಿಳಿಯದು. ನಿಜವಾದರೂ ಅದರಿಂದ ನನ್ನ ಹೊರೆ ಇಳಿಯುವುದಿಲ್ಲ. ಗಂಟು ಕಟ್ಟಿದ್ದು ನಾನು, ಬಚ್ಚಿಟ್ಟದ್ದು ನಾನು, ಬಿಟ್ಟದ್ದು ನಾನು. ಬೇರೆ ಕಡೆ ಎಲ್ಲಾದರೂ ಇಳಿಸುತ್ತಾರೇನೋ ಎಂದು ದಡದಲ್ಲಿ ವಿಚಾರಿಸಿದೆ. ಮಳೆ ಹತ್ತಿರ ಬಂತು, ಎಲ್ಲ ದೋಣಿಗಳನ್ನೂ ಮೇಲಕ್ಕೆ ಎಳೆಯುತ್ತಿದ್ದೇವೆ ಎಂದರು.

ಆ ಮಳೆಗಾಲದಲ್ಲಿ ಅಣ್ಣನ ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಹಗಲು ರಾತ್ರಿಯ ವ್ಯತ್ಯಾಸ ಗೊತ್ತಾಗುತ್ತಿತ್ತು, ಬಾಗಿಲಿಗೆ ಯಾರಾದರೂ ಅಡ್ಡ ಬಂದರೆ ಗೊತ್ತಾಗುತ್ತಿತ್ತು, ಅಷ್ಟೇ. ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಪಾವಗಡದಲ್ಲಿ ಅವನ ಮನೆಯಲ್ಲಿದ್ದಾಗ ಗೈಡೇ ಫೋನು ಮಾಡಿದ. ದ್ವೀಪ ತೆರೆದಿದೆ, ವಾಚರಿನ ಹತ್ತಿರ ಮಾತಾಡಿದ್ದೇನೆ, ಎರಡು ಜಾಗ ಹಿಡಿದಿಟ್ಟಿದ್ದೇನೆ, ಈ ಸಲ ಮೊದಲ ಸರದಿ ಅಣ್ಣನದೇ ಎಂದ. ಅಷ್ಟು ಉತ್ಸಾಹದಲ್ಲಿ ಮಾತಾಡುವವನಿಗೆ ನಡುವೆ ಬಾಯಿ ಹಾಕಲು ನನ್ನಿಂದಾಗಲಿಲ್ಲ. ಮತ್ತೆ ಮಾಡುತ್ತೇನೆ ಎಂದು ಇಟ್ಟೆ.

ಅಣ್ಣ ಗೋಡೆಗೊರಗಿ ಕೂತಿದ್ದ. ಎಲ್ಲವೂ ಕೇಳಿಸಿತ್ತು.

"ಬ್ಯಾರೇರ್ಗೆ ಕೊಡಕ್ಕೇಳಮ್ಮ ಆ ಜಾಗವ. ಕಾಣೋ ಕಣ್ಣಿರೋರು ಓಗ್ಲಿ."

ನಾನು ಹೊರಗಿನ ಜಗಲಿಗೆ ಬಂದು ಫೋನು ಮಾಡಿದೆ. ಬರುವುದಿಲ್ಲ ಎಂದೆ. ಅವನಿಗೆ ಬೇಜಾರಾಯಿತು.

"ಎಂಥ ಅಮ್ಮ, ಅವತ್ತಿನ ಸಿಟ್ಟು ಇನ್ನೂ ಉಂಟಾ?"

"ಸಿಟ್ಟಲ್ಲ ಸ್ವಾಮಿ," ಎಂದೆ. "ತಡ ಆಯ್ತು."