ಗೌಸಿಯಾಬೇಗಂ ಕೇಳಿದ ಪ್ರಶ್ನೆ

ಗೌಸಿಯಾಬೇಗಂ ಜೇವರ್ಗಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಸೇರಿದಾಗ ಕಲಬುರಗಿಗೆ ಟ್ರಂಕ್ ಕಾಲ್ ಹಚ್ಚಿದವರು ಒಂದು ಊಟ ಮುಗಿಸಿ ಬಂದರೂ ಲೈನ್ ಸಿಕ್ಕಿರುತ್ತಿರಲಿಲ್ಲ. ನಿವೃತ್ತಿಯ ಹೊತ್ತಿಗೆ ಕುರಿ ಕಾಯುವವರ ಜೇಬಿನಲ್ಲೂ ಮೊಬೈಲಿತ್ತು. ತಂತಿಯ ಕಾಲ ಮುಗಿದದ್ದನ್ನು ಕಣ್ಣಾರೆ ಕಂಡಿದ್ದ ಆಕೆ, ಕೈಗೆ ಬಂದ ಹಣದಲ್ಲಿ ಒಂದು ಪಾಲು ಹಾಕಿ ಸ್ಪಂದನ ವೈರ್‌ಲೆಸ್ ಎಂಬ ಕಂಪನಿಯ ಷೇರು ಕೊಂಡರು. ಸಿಗ್ನಲ್ ಹುಡುಕುತ್ತ ಫೋನು ಬ್ಯಾಟರಿ ತಿನ್ನದಂತೆ ತಡೆಯುವ ತಂತ್ರ ಆ ಕಂಪನಿಯದು. ಅದನ್ನು ಫೋನು ತಯಾರಿಸುವವರಿಗೆ ಬಾಡಿಗೆ ಕೊಟ್ಟ ಹಾಗೆ ಕೊಡುತ್ತಿತ್ತು.

ಅದೇ ಷೇರು ಹಿಡಿದವರು ಊರಲ್ಲಿ ಇನ್ನಿಬ್ಬರಿದ್ದರು. ಒಬ್ಬ ಗೊಬ್ಬರದಂಗಡಿಯ ಶಾಂತಕುಮಾರ, ಇನ್ನೊಬ್ಬರು ನಿವೃತ್ತ ಗಣಿತ ಮೇಷ್ಟ್ರು ವಿಶ್ವಾರಾಧ್ಯ. ಭಾನುವಾರ ಬೆಳಿಗ್ಗೆ ಗೊಬ್ಬರದಂಗಡಿಯ ಬೆಂಚೇ ಮೂವರ ದರಬಾರು.

ಹೋದ ವರ್ಷ ದೊಡ್ಡ ಫೋನ್ ಕಂಪನಿಯೊಂದು ಆ ತಂತ್ರಕ್ಕಾಗಿ ಸ್ಪಂದನದ ಜೊತೆ ಕರಾರು ಮಾಡಿಕೊಂಡಿತು. ಎಷ್ಟು ವರ್ಷಕ್ಕೆ ಎಂಬುದು ಮಾತ್ರ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

"ಒಂದೇ ವರ್ಷದ್ದು ಇರಬೇಕ್ರಿ. ಆಮ್ಯಾಲ ಅವ್ರೇ ಸ್ವಂತ ತಂತ್ರ ಮಾಡ್ಕೋತಾರ. ರೇಟ್ ಇದ್ದಾಗ ಮಾರಿ ಬಿಡೂಣು," ಎಂದರು ವಿಶ್ವಾರಾಧ್ಯ.

"ಮಾರಿದ ಮರುದಿನ ಏರಿದ್ರ ಏನ್ ಮಾಡೂದು ಸರ್?" ಎಂದ ಶಾಂತಕುಮಾರ.

ಮೂರು ವಾರ ಇದೇ ಮಾತು ನಡೆಯಿತು. ಕೊನೆಗೆ ಗೌಸಿಯಾಬೇಗಂ ಚಹಾದ ಕಪ್ಪು ಕೆಳಗಿಟ್ಟರು. "ಗೊತ್ತಿಲ್ಲದ್ದನ್ನ ನಾವ್ ನಾವೇ ಎಷ್ಟ್ ದಿನ ಮಾತಾಡೂದ್ರಿ? ಗೊತ್ತಿದ್ದವ್ರನ್ನ ಕೇಳ್ತೇನಿ."

ಕಂಪನಿಯ ವಾರ್ಷಿಕ ಸಭೆ ಆನ್‌ಲೈನಿನಲ್ಲಿ ನಡೆಯುವುದಿತ್ತು. ಮಾತಾಡುವ ಷೇರುದಾರರ ಪಟ್ಟಿಯಲ್ಲಿ ಆಕೆ ಹೆಸರು ಬರೆಸಿದರು. ಆ ದಿನ ಅಂಗಡಿಯ ಒಳಕೋಣೆಯಲ್ಲಿ, ಗೊಬ್ಬರದ ಚೀಲಗಳ ನಡುವೆ, ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಆಕೆಗಿಂತ ಮೊದಲು ಮಾತಾಡಿದ ಹತ್ತು ಮಂದಿಯೂ ಅಧ್ಯಕ್ಷರನ್ನು ಹೊಗಳಿ ಸರಿದರು. ಸರದಿ ಬಂದಾಗ ಗೌಸಿಯಾಬೇಗಂ ಮೈಕ್ ಆನ್ ಮಾಡಿದರು. ಬಾಯಿ ತೆರೆದೊಡನೆ ಎಕ್ಸ್‌ಚೇಂಜಿನ ಆ ಹಳೆಯ, ಸ್ಪಷ್ಟ ದನಿ ತಾನಾಗಿ ಬಂತು. ತಮ್ಮ ದಖನಿ ಉರ್ದುವಿನಲ್ಲೇ ಕೇಳಿದರು: ಕರಾರು ಎಷ್ಟು ವರ್ಷದ್ದು, ಮಧ್ಯದಲ್ಲಿ ಅವರು ಬಿಟ್ಟು ಹೋಗಬಹುದೇ?

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಕರಾರು ಐದು ವರ್ಷದ್ದು, ಮೊದಲ ಮೂರು ವರ್ಷ ತುಂಬುವ ತನಕ ಅವರು ಬಿಡುವಂತಿಲ್ಲ, ಎಂದು ಉತ್ತರಿಸಿದರು.

ವಿಶ್ವಾರಾಧ್ಯ ಅದನ್ನು ಅಂಗಡಿಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡು, "ನಂದ್ ತಪ್ಪಾತ್ ಬಿಡ್ರಿ," ಎಂದರು. ಯಾರೂ ಮಾರಲಿಲ್ಲ. ಷೇರು ಹಾರಿ ಆಕಾಶಕ್ಕೇನೂ ಹೋಗಲಿಲ್ಲ. ನಿಧಾನಕ್ಕೆ, ತೊಗರಿ ಗಿಡದ ಹಾಗೆ, ಮೇಲೆದ್ದಿತು. ಗೌಸಿಯಾಬೇಗಂಗೆ ಅಷ್ಟು ಸಾಕಾಗಿತ್ತು.

ಈಗ ಸ್ಪಂದನ ಪುಣೆಯ ಸಣ್ಣ ಕಂಪನಿಯೊಂದನ್ನು ಕೊಳ್ಳಲಿದೆಯಂತೆ. ಕೊಳ್ಳಲಿ ಎಂದು ಆಕೆ, ಬೇಡ ಎಂದು ಶಾಂತಕುಮಾರ. ಹೋದ ಭಾನುವಾರ ಮಧ್ಯಾಹ್ನದ ತನಕ ಅದೇ ವಾದ ನಡೆದಿತ್ತು.