ದಾರವೂ ವಾಲಿದ ಫೋಟೋ

ನನ್ನ ಸ್ಟುಡಿಯೋದಿಂದ ಸೊಟ್ಟ ಗೋಡೆಯ ಫೋಟೋ ಹೊರಗೆ ಹೋಗುವುದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಗದಗ-ಬೆಟಗೇರಿಯಲ್ಲಿ ಮದುವೆ, ಬಸುರಿಯ ಕುಬಸದ ಫೋಟೋ ತೆಗೆಯುವವರಿಗೆ ಬರವಿಲ್ಲ. ಕಟ್ಟಡಗಳ ಫೋಟೋ ಎಂದರೆ ಮಾತ್ರ ಜನ ನನ್ನ ಹೆಸರು ಹೇಳುತ್ತಾರೆ. ಹೊಸ ಮನೆ ಕಟ್ಟಿಸಿದವರು, ಗುತ್ತಿಗೆದಾರರು, ಲಾಡ್ಜಿನವರು ಕರೆಯುತ್ತಾರೆ. ಮುಂಡರಗಿ, ಲಕ್ಷ್ಮೇಶ್ವರ ಎಂದು ಸ್ಕೂಟಿಯ ಮೇಲೆ ಕ್ಯಾಮೆರಾ ಹೇರಿಕೊಂಡು ತಿರುಗುತ್ತೇನೆ.

ಈ ಕೆಲಸದಲ್ಲಿ ನನ್ನನ್ನು ಕಾಡಿದ್ದು ಒಂದೇ. ನಮ್ಮ ಊರುಗಳ ಓಣಿಗಳು ಇಕ್ಕಟ್ಟು. ಹಿಂದೆ ಸರಿಯಲು ಜಾಗ ಸಿಗದಿದ್ದರೆ ಕ್ಯಾಮೆರಾದ ಮೋರೆ ಮೇಲೆತ್ತಲೇಬೇಕು. ಎತ್ತಿದಿರೋ, ಗೋಡೆಯ ಎರಡೂ ಅಂಚುಗಳು ಮೇಲೆ ಹೋದಂತೆ ಒಂದರ ಕಡೆಗೊಂದು ವಾಲಿಕೊಳ್ಳುತ್ತವೆ. ಗಟ್ಟಿಮುಟ್ಟಾದ ಕಟ್ಟಡವೂ ಹಿಂದಕ್ಕೆ ಒರಗಿದಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಚಿತ್ರದ ಮೇಲ್ಭಾಗವನ್ನು ಎರಡೂ ಕಡೆ ಜಗ್ಗಿ ಅಗಲಿಸಿದರೆ ಅಂಚುಗಳು ನೆಟ್ಟಗಾಗುತ್ತವೆ. ಅತಿಯಾಗಿ ಜಗ್ಗಿದರೆ ಮನೆ ತಲೆಭಾರವಾಗಿ ನಮ್ಮ ಮೇಲೆಯೇ ಬೀಳುವಂತೆ ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದರಲ್ಲಿ ನನ್ನ ಕೈ ಪಳಗಿತ್ತು. ಪಳಗಿದ್ದಕ್ಕೆ ತಕ್ಕ ಸೊಕ್ಕೂ ಇತ್ತು.

ಆ ಸೊಕ್ಕಿಗೆ ಮೊದಲ ಪೆಟ್ಟು ಬಿದ್ದದ್ದು ಶಿರಹಟ್ಟಿಯಲ್ಲಿ. ಒಬ್ಬ ಹಿರಿಯರು ತಮ್ಮ ಹಳೆಯ ಮನೆಯ ಫೋಟೋ ತೆಗೆಸಿ, ದೊಡ್ಡದು ಮಾಡಿ ಪಡಸಾಲೆಯಲ್ಲಿ ಹಾಕಬೇಕೆಂದಿದ್ದರು. ನಾನು ರೂಢಿಯಂತೆ ಗೆರೆಗಳನ್ನೆಲ್ಲ ನೆಟ್ಟಗೆ ಮಾಡಿ, ಚೌಕಟ್ಟು ಹಾಕಿಸಿ ಒಯ್ದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದ್ಯಾರ ಮನಿ ತಂಗಿ?"

"ನಿಮ್ಮದ ರೀ."

"ನಮ್ಮ ಗ್ವಾಡಿ ಎಲ್ಲಿ ಹೋತು? ಇಡೀ ಊರು ನಮಗ ವಾಲಿದ ಗ್ವಾಡಿಯವ್ರು ಅಂತೈತಿ. ಲಗ್ನಪತ್ರಿಕಿ ಮ್ಯಾಲೂ ಹಂಗ ಬರಸ್ತೀವಿ. ನೀ ನಮ್ಮ ಹೆಸರ ಅಳಿಸಿ ತಂದೀಯಲ್ಲವಾ!"

ಖರೆಯೇ. ಆ ಮನೆಯ ಎಡಗೋಡೆ ಅವರ ಅಜ್ಜನ ಕಾಲದಿಂದಲೂ ಓಣಿಯ ಕಡೆ ವಾಲಿಕೊಂಡೇ ಇತ್ತು, ಕಲ್ಲಿನ ಆಸರೆ ಕೊಟ್ಟು ನಿಲ್ಲಿಸಿದ್ದರು. ಕ್ಯಾಮೆರಾ ತಂದ ವಾಲಿಕೆಯ ಜೊತೆಗೆ ಮನೆಗೆ ಹುಟ್ಟಿನಿಂದ ಬಂದ ವಾಲಿಕೆಯನ್ನೂ ನಾನು ತಿದ್ದಿಬಿಟ್ಟಿದ್ದೆ. ಫೋಟೋ ವಾಪಸು ತರುವಾಗ ದಾರಿಯುದ್ದಕ್ಕೂ ಸಿಟ್ಟು. ತಿದ್ದಿದರೂ ಬೈಸಿಕೊಳ್ಳುವುದಾದರೆ ಇನ್ನು ಮೇಲೆ ಯಾವುದನ್ನೂ ತಿದ್ದುವುದೇ ಬೇಡ ಎಂದು ಹಟ ಹಿಡಿದೆ.

ಆ ಹಟದಲ್ಲೇ ದೊಡ್ಡ ತಪ್ಪು ಮಾಡಿದೆ.

ಬೆಟಗೇರಿಯ ನಮ್ಮ ಓಣಿಯಲ್ಲಿ ನೇಕಾರರ ಸಂಘದ ಎರಡಂತಸ್ತಿನ ಕಲ್ಲಿನ ಕಟ್ಟಡವಿದೆ. ಕೆಳಗೆ ಆರು ಕುಣಿ ಮಗ್ಗಗಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗವಿದು. ಬಾಗಿಲಿನಿಂದ ಮೂರನೆಯದು ನನ್ನ ಅವ್ವನದು. ನಾನು ಹುಟ್ಟುವ ಮೊದಲಿನಿಂದ ಅವಳು ಅಲ್ಲೇ ನೇಯುತ್ತಿದ್ದಾಳೆ. ನಮ್ಮದು ಬಾಡಿಗೆ ಮನೆ, ಟೈಲ್ಸ್ ಹಾಕಿದ ನೆಲ, ಅಲ್ಲಿ ಕುಣಿ ತೋಡುವ ಮಾತೇ ಇಲ್ಲ.

ಸಂಘದವರು ಕ್ಯಾಲೆಂಡರಿಗೆಂದು ಆ ಕಟ್ಟಡದ ಫೋಟೋ ಕೇಳಿದರು. ಮನೆಯ ಕೆಲಸವೆಂದು ಸಸಾರ. ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತು, ಮೊಬೈಲು ಮೇಲೆತ್ತಿ ಒಂದು ತೆಗೆದೆ. ಹೇಗಿದೆಯೋ ಹಾಗೇ ಇರಲಿ ಎಂದು ಕಳಿಸಿಯೂ ಬಿಟ್ಟೆ.

ಕ್ಯಾಲೆಂಡರ್ ಅಚ್ಚಾಗಿ ಬಂತು. ಓಣಿಯ ಮನೆಮನೆಯ ಗೋಡೆಯ ಮೇಲೂ ಸಂಘದ ಕಟ್ಟಡ ಅಂಗಾತ ಬೀಳಲು ಹೊರಟಿತ್ತು. ಮೊದಲು ನಗೆಚಾಟಿಕೆ ನಡೆಯಿತು. ಆಮೇಲೆ ನಗು ನಿಂತು ಹೆದರಿಕೆ ಶುರುವಾಯಿತು. ಕ್ಯಾಲೆಂಡರ್ ನೋಡಿದ ಕಣ್ಣಿನಿಂದ ನೋಡಿದರೆ ಕಟ್ಟಡವೂ ವಾಲಿದಂತೆಯೇ ಕಾಣತೊಡಗಿತು. ಸಂಘದ ಅಧ್ಯಕ್ಷರು ನನ್ನ ಅಪ್ಪನ ಗೆಳೆಯರು, ನಾನು ಕಾಕಾ ಎಂದೇ ಕರೆಯುವುದು. ಅವರು ಕ್ಯಾಲೆಂಡರನ್ನು ಸುರುಳಿ ಸುತ್ತಿ ಹಿಡಿದುಕೊಂಡು ಮಗ್ಗದ ಮನೆಗೇ ಬಂದರು. "ಐತವಾರ ಮೀಟಿಂಗ್ ಐತಿ. ಮಂದಿ ಮ್ಯಾಲೆ ಬೀಳೂದಕ್ಕಿಂತ ಮೊದಲ ಕೆಡವೂದ ಚಲೋ. ಮಗ್ಗ ನಿಮ್ಮ ನಿಮ್ಮ ಮನಿಗೆ ಒಯ್ದುಕೊಳ್ರಿ" ಎಂದರು.

ಅವ್ವ ಲಾಳಿ ನಿಲ್ಲಿಸಿದಳು. ಅಲ್ಲೇ ನಿಂತಿದ್ದ ನನ್ನ ಕಡೆ ತಿರುಗಿದಳು. "ಹಡದವ್ವನ ಕುಣಿ ಮುಚ್ಚಸಾಕ ಹೊಂಟಿ ಏನಬೇ ನೀ?"

ಇಷ್ಟು ವರ್ಷಗಳಲ್ಲಿ ಅವಳ ಮಾತು ನನಗೆ ಅಷ್ಟು ಚುಚ್ಚಿದ್ದಿಲ್ಲ. ಓಡಿ ಹೋಗಿ ಕಂಪ್ಯೂಟರಿನ ಮುಂದೆ ಕೂತೆ, ಅದೇ ಫೋಟೋವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ನೆಟ್ಟಗೆ ಮಾಡಿ ಕಾಕಾರಿಗೆ ಒಯ್ದು ಕೊಟ್ಟೆ. ಅವರು ಅದರತ್ತ ಸರಿಯಾಗಿ ಕಣ್ಣು ಕೂಡ ಹಾಯಿಸಲಿಲ್ಲ.

"ಶಿರಹಟ್ಟಿ ವಾಲಿದ ಗ್ವಾಡಿಯವ್ರು ನಮ್ಮ ಬೀಗರು, ತಂಗಿ. ಅವರ ಗ್ವಾಡೀನ ನೆಟ್ಟಗ ಮಾಡಿದಾಕಿ, ಇದನ್ನ ಮಾಡೂದು ನಿನಗೇನ ದೊಡ್ಡದು?"

ತಿದ್ದಬಾರದ್ದನ್ನು ತಿದ್ದಿದ್ದೆ, ತಿದ್ದಬೇಕಾದ್ದನ್ನು ಬಿಟ್ಟಿದ್ದೆ. ಈಗ ಸರಿಯಾಗಿ ತಿದ್ದಿದರೂ ನಂಬುವವರಿಲ್ಲ.

ಮೀಟಿಂಗಿನ ಹಿಂದಿನ ದಿನ, ಶನಿವಾರ ಸಂಜೆ, ಮಗ್ಗದ ಮನೆಗೆ ಹೋದಾಗ ಅವ್ವ ಹಾಸಿನ ಉದ್ದೆಳೆಗಳಲ್ಲಿ ಕಡಿದುಹೋದ ಒಂದಕ್ಕೆ ಗಂಟು ಹಾಕುತ್ತಿದ್ದಳು. ನನ್ನ ಮೋರೆ ನೋಡದೆಯೇ ಅಂದಳು: "ಮ್ಯಾಲಿಂದ ಒಂದ ದಾರ ಇಳಿಬಿಟ್ಟು ನೋಡಬಾರದ? ದಾರೇನ ನಿನ್ನ ಕಂಪ್ಯೂಟರ್ ಮಾತ ಕೇಳತೈತೇನ?"

ಅವಳು ಹೇಳಿದ್ದು ಗೋಡೆಯ ಪರೀಕ್ಷೆಗೆ. ನನ್ನ ತಲೆಗೆ ಹೊಳೆದದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅವಳನ್ನು ಅಪ್ಪಿಕೊಂಡೆ. "ಹಾಸು ಕೆಡತೈತಿ, ಸರಿ ಅತ್ತಾಗ" ಎಂದು ದಬ್ಬಿದಳು.

ಭಾನುವಾರ ಬೆಳಗ್ಗೆ ಗಾಳಿ ಇರಲಿಲ್ಲ. ಅವ್ವ ಸೀರೆಯಂಚಿಗೆಂದು ಇಟ್ಟಿದ್ದ ಕೆಂಪು ದಾರದ ಎಂಟೆಂಟು ಎಳೆ ಕೂಡಿಸಿ ಹುರಿ ಮಾಡಿಕೊಟ್ಟಳು. ಮಾಳಿಗೆಯ ಅಂಚಿನ ಕಲ್ಲು ಗೋಡೆಯಿಂದ ಸ್ವಲ್ಪ ಹೊರಚಾಚಿದೆ. ಅದರ ಎರಡೂ ತುದಿಗಳಿಂದ ಒಂದೊಂದು ಹುರಿ ಇಳಿಬಿಟ್ಟು, ಕೆಳಗೆ ಕಲ್ಲು ಕಟ್ಟಿದೆವು. ಆಮೇಲೆ ನಾನು ಮೊದಲು ಎಲ್ಲಿ ನಿಂತಿದ್ದೆನೋ ಅಲ್ಲೇ, ಅದೇ ಗೋಡೆಗೆ ಬೆನ್ನು ಹಚ್ಚಿ, ಅದೇ ಮೊಬೈಲನ್ನು ಅಷ್ಟೇ ಮೇಲೆತ್ತಿ ಫೋಟೋ ತೆಗೆದೆ. ಒಂದು ಗೆರೆಯನ್ನೂ ಮುಟ್ಟದೆ ದೊಡ್ಡದಾಗಿ ಪ್ರಿಂಟು ಹಾಕಿಸಿ ಮೀಟಿಂಗಿಗೆ ಹೋದೆ.

ಎಲ್ಲರೂ ಕೂತಿದ್ದರು. ಪ್ರಿಂಟನ್ನು ಕಾಕಾರ ಮುಂದೆ ಹಿಡಿದೆ. ಕಟ್ಟಡ ಕ್ಯಾಲೆಂಡರಿನಲ್ಲಿ ಬಿದ್ದಂತೆಯೇ ಬೀಳುತ್ತಿತ್ತು.

"ಮತ್ತ ಅದನ್ನ ತಂದೀಯಲ್ಲ?" ಎಂದರು.

"ಕಾಕಾ, ಗ್ವಾಡಿ ಬಿಡ್ರಿ. ಈ ಕೆಂಪು ದಾರ ನೋಡ್ರಿ. ನೆಟ್ಟಗೈತೋ, ಸೊಟ್ಟ ಐತೋ?"

"ಇದೂ ಗ್ವಾಡಿ ಕೂಡ ವಾಲೈತಿ."

"ಹೊರಗ ಬರ್ರಿ ಹಂಗಾರ."

ಎಲ್ಲರೂ ಎದ್ದು ಬಂದರು. ಹುರಿಗಳು ಕಲ್ಲಿನ ಭಾರಕ್ಕೆ ಬಿಗಿಯಾಗಿ ತೂಗುತ್ತಿದ್ದವು. ನಾನು ಬಾಯಿ ಬಿಡಬೇಕಾಗಲೇ ಇಲ್ಲ. ಕಲ್ಲು ಕಟ್ಟಿ ಇಳಿಬಿಟ್ಟ ದಾರ ವಾಲುತ್ತದೆ ಎಂದು ನಂಬುವವನು ನೇಕಾರರ ಆ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ. ಫೋಟೋದಲ್ಲಿ ದಾರ ವಾಲಿದೆ ಎಂದರೆ ವಾಲಿಸಿದ್ದು ಫೋಟೋ. ಕಾಕಾ ಕೆಳಗೆ ಗೋಡೆಗೂ ದಾರಕ್ಕೂ ನಡುವೆ ಬೆರಳಿಟ್ಟು ಅಳೆದರು. ನಾಲ್ಕು ಬೆರಳು. ಆ ವಯಸ್ಸಿನಲ್ಲಿ ಮೆಟ್ಟಿಲು ಹತ್ತಿ ಮೇಲಿನ ಕಿಟಕಿಯಿಂದ ಕೈ ಚಾಚಿ ಅಳೆದರು.

"ನಾಕ ಬಟ್ಟು! ಇಲ್ಲೂ ನಾಕ ಬಟ್ಟು!" ಎಂದು ಅಲ್ಲಿಂದಲೇ ಕೂಗಿದರು. "ಗ್ವಾಡಿ ವಾಲಿಲ್ರಲೇ, ಈಕಿ ಫೋಟೋ ವಾಲೈತಿ!"

ಓಣಿಯೆಲ್ಲ ಹೋ ಎಂದಿತು. ನನ್ನ ತಪ್ಪನ್ನು ಊರೆದುರು ಕೂಗಿ ಹೇಳಿದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಮುಂದೆ ಎಂಜಿನಿಯರೂ ಬಂದು ನೋಡಿ, ಮಾಳಿಗೆ ಸೋರುವುದನ್ನು ಸರಿಮಾಡಿಸಿಕೊಳ್ಳಿ, ಉಳಿದದ್ದೆಲ್ಲ ಗಟ್ಟಿ ಇದೆ ಎಂದರು.

ಶಿರಹಟ್ಟಿಯ ಫೋಟೋವನ್ನು ಹೊಸದಾಗಿ ಮಾಡಿದೆ. ಪಕ್ಕದ ಮನೆಯ ಬಾಗಿಲಿನ ಚೌಕಟ್ಟನ್ನು ಆಧಾರ ಮಾಡಿಕೊಂಡು ಕ್ಯಾಮೆರಾದ ವಾಲಿಕೆಯನ್ನಷ್ಟೇ ತೆಗೆದೆ. ಗೋಡೆಯದನ್ನು ಗೋಡೆಗೇ ಬಿಟ್ಟೆ. ಹಿರಿಯರು ನೋಡಿ, "ಹಾಂ, ಇದು ನಮ್ಮ ಮನಿ" ಎಂದು ಚಹಾ ಕುಡಿಸಿ ಕಳಿಸಿದರು.

ಮರುವರ್ಷದ ಕ್ಯಾಲೆಂಡರಿಗೆ ಎದುರಿನ ಮಾಳಿಗೆ ಹತ್ತಿ, ಕ್ಯಾಮೆರಾವನ್ನು ಮಟ್ಟಸ ಹಿಡಿದು ಒಳ್ಳೆಯ ಫೋಟೋ ತೆಗೆದುಕೊಡುತ್ತೇನೆ ಎಂದೆ. ಕಾಕಾ ಕೇಳಲಿಲ್ಲ. "ದಾರ ವಾಲಿದ್ದನ್ನ ಹಾಕೂಣು. ಅದರಾಗ ಕತಿ ಐತಿ" ಎಂದರು. ಹಾಗಾಗಿ ಈಗ ಓಣಿಯ ಮನೆಮನೆಯಲ್ಲೂ ನನ್ನ ಸ್ಟುಡಿಯೋ ಹೆಸರಿನ ಕೆಳಗೆ ಒಂದು ಸೊಟ್ಟ ಫೋಟೋ ತೂಗುತ್ತಿದೆ. ಮಗ್ಗದ ಮನೆಯಲ್ಲೂ ಒಂದಿದೆ, ಅವ್ವ ಕೂರುವ ಕಡೆಗೇ. ಹೊಸಬರು ಬಂದು "ಏನಬೇ ಯಕ್ಕಾ, ಫೋಟೋ ಸೊಟ್ಟ ಬಂದೈತಲ್ಲ" ಎಂದರೆ ಅವಳು ಲಾಳಿ ನಿಲ್ಲಿಸುತ್ತಾಳೆ.

"ಸೊಟ್ಟ ಬಂದಿದ್ದಕ್ಕ ನಾ ಇನ್ನೂ ಇಲ್ಲಿ ಕುಂತೀನಿ" ಎನ್ನುತ್ತಾಳೆ. "ನನ್ನ ಮಗಳ ತಗದಾಳ."