ನಡುಹಗಲ ನೀರು

ಯಡೂರಿನ ಹೊಳೆಸಾಲಿನಲ್ಲಿ ನಡುಹಗಲಿಗೆ ದೆವ್ವ ಬರುತ್ತದೆ ಎಂದರೆ ಮೊದಲು ಯಾರೂ ನಂಬುತ್ತಿರಲಿಲ್ಲ. ದೆವ್ವಕ್ಕಾದರೂ ಒಂದು ಹೊತ್ತುಗೊತ್ತು ಬೇಡವೇ? ಆದರೆ ಸುಜಾತಾಳ ತೋಟದಲ್ಲಿ ಆಗುತ್ತಿದ್ದದ್ದು ಹಾಗೆಯೇ. ಸೂರ್ಯ ನೆತ್ತಿಗೆ ಬಂದಿರುತ್ತಿದ್ದ, ಕಬ್ಬಿನ ಗರಿ ಅಲುಗದೆ ನಿಂತಿರುತ್ತಿತ್ತು. ಮನೆ ಮುಂದಿನ ನೀರಿನ ಟಾಕಿಯ ಮೇಲೆ ಚಾಚಿಕೊಂಡ ಪೈಪು ಇದ್ದಕ್ಕಿದ್ದಂತೆ ಒಮ್ಮೆ ಕೆಮ್ಮುತ್ತಿತ್ತು. ಆಮೇಲೆ ಉದ್ದಕ್ಕೆ ಉಸಿರು ಬಿಡುತ್ತಿತ್ತು, ಏನೋ ಹೇಳಲು ಬಾಯಿ ತೆರೆದವರ ಹಾಗೆ. ಅದರ ಬೆನ್ನಿಗೇ ನೀರು. ದೂರದ ಹೊಳೆದಂಡೆಯಲ್ಲಿ ಮೋಟಾರು ಚಾಲೂ ಮಾಡಿದವರು ಮಾತ್ರ ಯಾರೂ ಇರುತ್ತಿರಲಿಲ್ಲ.

ಆಕೆಯ ಗಂಡ ಅಣ್ಣಾಸಾಬ ಸತ್ತದ್ದು ಅದೇ ಮೋಟಾರಿನ ಹತ್ತಿರ. ಉಳಿದದ್ದನ್ನು ಊರ ಮಂದಿ ತಾವೇ ಕೂಡಿಸಿಕೊಂಡರು.

ಸುಜಾತಾ ಏಕಸಂಬಿಯ ಹುಡುಗಿ. ಲಗ್ನವಾಗಿ ಬಂದ ಹೊಸದರಲ್ಲಿ ಆಕೆಗೆ ವಿಚಿತ್ರವೆನಿಸಿದ್ದು ಈ ಹೊಳೆಸಾಲಿನ ಮಳೆಗಾಲ. ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ಮಳೆ ಬೀಳುವುದು ಅತ್ತ ಮಹಾರಾಷ್ಟ್ರದ ಘಟ್ಟದಲ್ಲಿ, ಬಾಗಿಲು ತೆರೆಯುವುದು ಅಲ್ಲಿಯ ಅಣೆಕಟ್ಟಿನಲ್ಲಿ, ಮುಳುಗುವುದು ಇಲ್ಲಿಯ ಕಬ್ಬು. ನೀರು ಬಿಟ್ಟ ಸುದ್ದಿ ಬಂದರೆ ಸಾಕು, ಹೊಳೆಸಾಲಿನ ಗಂಡಸರೆಲ್ಲ ಹಗ್ಗ, ಬಿದಿರು ಹಿಡಿದು ದಂಡೆಗೆ ಓಡುತ್ತಾರೆ. ಮೋಟಾರು ಬಿಚ್ಚಿ ಮೇಲಕ್ಕೆ ಎಳೆಯಬೇಕು. ಇಲ್ಲವಾದರೆ ಅದನ್ನು ಹೊಳೆಯೇ ಒಯ್ಯುತ್ತದೆ.

ಅಣ್ಣಾಸಾಬನಿಗೆ ಹೊಸ ಸಾಮಾನೆಂದರೆ ಹುಚ್ಚು. ಕರೆಂಟು ತನಗೆ ಬೇಕಾದಾಗ ಬರುವುದು, ಬೇಕಾದಾಗ ಹೋಗುವುದು. ಅದರ ಹಿಂದೆ ಹೊಳೆತನಕ ಅಲೆದು ಬೇಸತ್ತು ಆತ ಮೊಬೈಲ್ ಸ್ಟಾರ್ಟರ್ ತಂದ. ಸಿಮ್ ಕಾರ್ಡು ಹಾಕಿದ ಒಂದು ಪೆಟ್ಟಿಗೆ ಅದು. ಅದರ ನಂಬರಿಗೆ ಫೋನ್ ಹಚ್ಚಿದರೆ ಎರಡು ಸಲ ರಿಂಗಾಗಿ ಕಟ್ಟಾಗುತ್ತದೆ, ಮೋಟಾರು ತಿರುಗುತ್ತದೆ; ಇನ್ನೊಮ್ಮೆ ಹಚ್ಚಿದರೆ ನಿಲ್ಲುತ್ತದೆ. ತನ್ನ, ಹೆಂಡತಿಯ, ತಾಯಿಯ, ಹೀಗೆ ಮನೆಯ ಮೂವರ ನಂಬರನ್ನೂ ಅದಕ್ಕೆ ಕೂಡಿಸಿದ. ಹೆಂಡತಿಯ ಫೋನಿನಲ್ಲಿ ‘ಮೋಟಾರು’ ಎಂದು ಹೆಸರು ಹಾಕಿಕೊಟ್ಟು, “ಇನ್ನ ಕುಂತಲ್ಲೇ ರಾಣಿ ನೀನು” ಎಂದು ಕಾಡಿಸಿದ.

ಪೆಟ್ಟಿಗೆ ಕೂಡಿಸಿ ವಾರ ತುಂಬಿರಲಿಲ್ಲ, ಹೊಳೆ ಏರಿತು. ಮೋಟಾರು ಎತ್ತಲು ಅಣ್ಣಾಸಾಬ, ಪಕ್ಕದ ತೋಟದ ಮಹಾವೀರ ಇಬ್ಬರೂ ಹೋದರು. ಮೊದಲಾಗಿದ್ದರೆ ದಂಡೆಗಿಂತ ಎತ್ತರದಲ್ಲಿದ್ದ ಶೆಡ್ಡಿಗೆ ಹತ್ತಿ ಫ್ಯೂಜು ಕೀಳುತ್ತಿದ್ದರು. ಈಗ ಫೋನಿನಲ್ಲೇ ಬಂದ್ ಆಗುತ್ತದಲ್ಲ, ಯಾರು ಹತ್ತುತ್ತಾರೆ? ಅಣ್ಣಾಸಾಬ ಬಂದ್ ಮಾಡಿ ವಾಯರು ಬಿಚ್ಚಲು ಕುಳಿತ. ಮಹಾವೀರ ಹಗ್ಗ ತರಲೆಂದು ತಿರುಗಿದ್ದನಂತೆ, ಅಷ್ಟೇ. ಕೆಸರಿನಲ್ಲಿ ಕರೆಂಟು ಹೊಡೆಯಿತು ಎಂದರು ಎಲ್ಲರೂ. ಹೇಗೆ ಹೊಡೆಯಿತು ಎಂದು ಯಾರೂ ಕೇಳಲಿಲ್ಲ. ಕೇಳುವ ಪುರುಸೊತ್ತನ್ನೂ ಹೊಳೆ ಕೊಡಲಿಲ್ಲ, ಸಂಜೆಗೆ ದಂಡೆಯೇ ಮುಳುಗಿತ್ತು.

ನೀರಿಳಿದ ಮೇಲೆ ಮಹಾವೀರನೇ ನಿಂತು ಮೋಟಾರು ಮತ್ತೆ ಕೂಡಿಸಿಕೊಟ್ಟ. ಪೈಪು ಕೆಮ್ಮತೊಡಗಿದ್ದು ಆಮೇಲೆ. ದಿನಾ ಅಲ್ಲ, ಹಗಲು ಪಾಳಿಯ ಕರೆಂಟು ಇದ್ದಾಗ ಮಾತ್ರ. ದೆವ್ವಕ್ಕೂ ಕರೆಂಟು ಬೇಕಾಗುತ್ತದೆಯೇ ಎಂದು ಯಾರೂ ಯೋಚಿಸಲಿಲ್ಲ ನೋಡಿ. ಸುಜಾತಾ ಮಾತ್ರ ಎದೆ ಗಟ್ಟಿ ಮಾಡಿಕೊಂಡು ಶೆಡ್ಡಿಗೆ ಹೋಗಿ ನೋಡಿದಳು. ಚಿಲಕ ಹಾಕಿದಂತೆಯೇ ಇತ್ತು. ಒಳಗೆ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತ್ತು. ಗಂಡನ ಹೆಸರು ಬಾಯಿಗೆ ಬಂದು ಅಲ್ಲೇ ನಿಂತಿತು.

ಕಳೆ ತೆಗೆಯುವ ಹೆಂಗಸರು ಬರುವುದನ್ನು ಬಿಟ್ಟರು. ಅವರ ಮುಂದಾಳು ಬೇಡಕಿಹಾಳದ ಹಾಜಿರಾಬಿ, ಗಟ್ಟಿ ಹೆಂಗಸು. ಆಕೆಯೂ ಕೈ ಮುಗಿದುಬಿಟ್ಟಳು.

“ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ನಮ್ಮ ಹುಡುಗೀರು ಅಂಜ್ಯಾರ. ಆ ಪೈಪ್ ಉಸರು ಬಿಡೂದು ಕೇಳಿ ಒಬ್ಬಾಕಿ ಜ್ವರಾ ಬಂದು ಮಲಗ್ಯಾಳ.”

ಕಬ್ಬಿನ ಸಾಲಿನೊಳಗೆ ಕಳೆ ಮೊಣಕಾಲಿಗೆ ಬಂತು. ಏಕಸಂಬಿಯಿಂದ ಅಣ್ಣ ಬಂದು, “ಒಬ್ಬಾಕಿ ಕೈಲೆ ಆಗೂದಲ್ಲ ಇದು. ಹೊಲಾ ಬ್ಯಾರೆಯವರಿಗೆ ಪಾಲಿಗೆ ಹಚ್ಚಿ ಮನಿಗೆ ನಡಿ” ಎಂದ. ಆಕೆಗೆ ತವರಿನ ಮೂಲೆಯಲ್ಲಿ ಕೂತು ಬಾಳುವುದು ಬೇಕಿರಲಿಲ್ಲ. ಈ ಹಂಗಾಮು ಕಳೆಯೊಳಗೆ ಹೋದರೆ ಹೊಲ ಕೈಬಿಟ್ಟಂತೆಯೇ ಎಂಬುದೂ ಗೊತ್ತಿತ್ತು. ದೆವ್ವವೇ ಇರಲಿ, ಅದರ ಮುಂದೆ ನಿಂತು ಕೇಳಬೇಕು ಎಂದುಕೊಂಡು ಒಂದು ದಿನ ಮಧ್ಯಾಹ್ನ ಹೊಲ ಬಿಟ್ಟು ಮನೆಗೆ ಬಂದಳು.

ಮನೆಯ ಹಿಂದೆ ನುಗ್ಗಿಯ ಗಿಡದಡಿ ಅತ್ತೆ ಲಗಮವ್ವ ಬೆನ್ನು ಮಾಡಿ ಕೂತಿದ್ದಳು. ಓದು ಬಾರದ ಮುದುಕಿ. ಬಟನ್ ಫೋನಿನ ಎರಡರ ಗುಂಡಿ ಒತ್ತಿ ಹಿಡಿದರೆ ಮಗನಿಗೆ ಹೋಗುತ್ತದೆ ಎಂದು ಆಕೆಗೆ ಹಿಂದೆ ಯಾವಾಗಲೋ ಅಣ್ಣಾಸಾಬನೇ ಕಲಿಸಿಕೊಟ್ಟಿದ್ದ. ಈಗ ಅದನ್ನೇ ಒತ್ತಿ ಕಿವಿಗೆ ಹಿಡಿದಿದ್ದಳು.

“ಅಣ್ಣಾ, ಉಣ್ಣಾಕ ಬಾ. ರೊಟ್ಟಿ ಆರತಾವು.”

ಮುಂಬಾಗಿಲ ಕಡೆ ಪೈಪು ಕೆಮ್ಮಿತು.

ಸುಜಾತಾ ಗೋಡೆಯ ಮರೆಗೆ ಸರಿದಳು. ಅತ್ತೆ ಒಳಗೆ ಹೋದ ಮೇಲೆ ಆ ಫೋನು ತೆಗೆದು, ಅದರಲ್ಲಿಯ ನಂಬರನ್ನು ತನ್ನ ಫೋನಿನ ‘ಮೋಟಾರು’ ನಂಬರಿನೊಡನೆ ಹಿಡಿದು ನೋಡಿದಳು. ಎರಡೂ ಒಂದೇ. ಅಣ್ಣಾಸಾಬ ತಾನು ಹೊಸ ನಂಬರು ತೆಗೆದುಕೊಂಡು ಹಳೆಯ ಸಿಮ್ಮನ್ನು ಪೆಟ್ಟಿಗೆಗೆ ಹಾಕಿದ್ದ. ತಾಯಿಯ ಫೋನಿನಲ್ಲಿ ಬದಲಿಸಲು ಮರೆತಿದ್ದ.

ದೆವ್ವ ಇಲ್ಲ ಎಂದು ಹಗುರಾಗಬೇಕಾದ ಹೊತ್ತಿಗೆ ಆಕೆ ಟಾಕಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಹೊಳೆ ಏರಿದ ದಿನವೂ ಹೊತ್ತು ಇದೇ. ಅವತ್ತೂ ರೊಟ್ಟಿ ಆಗಿತ್ತು, ಹೊರಗೆ ಹೋದ ಮಗನನ್ನು ಲಗಮವ್ವ ಊಟಕ್ಕೆ ಕರೆದಿದ್ದಳು. ಬಂದ್ ಮಾಡಿದ ಮೋಟಾರಿಗೆ ಆ ಕರೆಯೇ ಮತ್ತೆ ಕರೆಂಟು ಹರಿಸಿತ್ತು. ಸುಜಾತಾಳಿಗೆ ಮುದುಕಿಯ ಮೇಲೆ ಸಿಟ್ಟು ಬಂತು. ಆದರೆ ಒಳಗೆ ಒಂದು ತಾಟು ಹೆಚ್ಚಿಗೆ ಇಟ್ಟುಕೊಂಡು ಕೂತವಳನ್ನು ಕಂಡಾಗ ಅದು ಎಲ್ಲಿ ಹೋಯಿತೋ.

ನಿಜ ಹೇಳಿದರೆ ಹೆಂಗಸರು ಬರುತ್ತಾರೆ, ಹೊಲ ಉಳಿಯುತ್ತದೆ, ಮುದುಕಿ ಉಳಿಯುವುದಿಲ್ಲ. ಇದನ್ನೇ ಹೊರಳಿಸಿ ಹೊರಳಿಸಿ ನೋಡಿ, ಮರುದಿನ ಬೇಡಕಿಹಾಳಕ್ಕೆ ಹೋದಳು.

“ದೆವ್ವ ಅಲ್ಲ ಹಾಜಿರಾಕ್ಕ. ನನ್ನ ಫೋನ್ ಅದು. ಸೊಂಟದಾಗ ಸಿಕ್ಕಿಸಿಕೊಂಡಿರತೀನಿ, ಒತ್ತಿ ತಾನ ಹೋಗತೈತಿ.”

ಹಾಜಿರಾಬಿ ಕಣ್ಣು ಕಿರಿದು ಮಾಡಿ ನೋಡಿದಳು. “ಹಂಗಾರ ಅವತ್ತ, ಹೊಳಿ ಏರಿದ ದಿನಾ?”

ಸುಜಾತಾ ಇದಕ್ಕೆ ತಯಾರಾಗಿ ಬಂದಿರಲಿಲ್ಲ. “ಅವತ್ತೂ ನನ್ನ ಫೋನ” ಎಂದಳು.

ಹೆಂಗಸರು ಬಂದರು. ಕಳೆ ಕಿತ್ತರು, ಹಾಡಲಿಲ್ಲ, ಆಕೆ ಕೊಟ್ಟ ಚಹಾ ಕುಡಿಯಲಿಲ್ಲ. ಆಕೆ ಒಂದು ಸಾಲಿಗೆ ಬಂದರೆ ಅವರು ಇನ್ನೊಂದಕ್ಕೆ ದಾಟುತ್ತಿದ್ದರು. ಮಹಾವೀರನೂ ಅತ್ತಿಗೆಯೆಂಬ ಸಲುಗೆಯಲ್ಲಿ ‘ವೈನಿ’ ಎಂದು ಕರೆಯುವುದನ್ನು ಬಿಟ್ಟು, ಆಕೆಯನ್ನು ಕಂಡರೆ ಬದುವಿನ ಆಚೆಯಿಂದ ಹೋಗತೊಡಗಿದ. ದೆವ್ವ ಹೊಲದಿಂದ ಎದ್ದು ಆಕೆಯ ಮೈಮೇಲೆಯೇ ಬಂದು ಕೂತಂತಾಗಿತ್ತು. ಪೈಪು ಮತ್ತೆ ಕೆಮ್ಮಬಾರದೆಂದು ಸುಜಾತಾ ಮಧ್ಯಾಹ್ನದ ಮೊದಲೇ ಶೆಡ್ಡಿಗೆ ಹತ್ತಿ ಫ್ಯೂಜು ಕಿತ್ತಿಟ್ಟು ಬರುತ್ತಿದ್ದಳು.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಹೆಂಗಸರು ಬುತ್ತಿ ಬಿಚ್ಚಿದ ಹೊತ್ತಿಗೆ, ಲಗಮವ್ವ ಬಡಿಗೆ ಊರಿಕೊಂಡು ಬದುವಿನ ಮೇಲೆ ಬಂದು ನಿಂತಳು. ಮಗ ಹೋದಾಗಿನಿಂದ ಆಕೆ ಹೊಲಕ್ಕೆ ಕಾಲಿಟ್ಟವಳಲ್ಲ.

“ನೀರ ಯಾಕ ಬರವಲ್ದು?” ಎಂದು ಕೇಳಿದಳು.

ಸುಜಾತಾ ಎದ್ದು ಬಂದು ಕೈ ಹಿಡಿದಳು. “ಮೋಟಾರ್ ಕೆಟ್ಟೈತಿ ಅತ್ತಿ. ಮನಿಗೆ ನಡೀರಿ, ಬಿಸಲೈತಿ.”

ಮುದುಕಿ ಕೈ ಬಿಡಿಸಿಕೊಂಡು ಹಾಜಿರಾಬಿಯ ಕಡೆ ತಿರುಗಿದಳು.

“ನೀವು ಈಕಿ ಕೈಯಾಗಿನ ಚಹಾ ಕುಡಿಯಂಗಿಲ್ಲಂತ. ಮಹಾವೀರ ಹೇಳಿದ. ಈಕಿ ಫೋನ್ ಹಚ್ಚಿಲ್ಲ ಯವ್ವಾ, ಹಚ್ಚಿದಾಕಿ ನಾನು. ಅವತ್ತ ಮಗನ್ನ ಉಣ್ಣಾಕ ಕರದೆ. ಕರದ ಕೂಡಲೆ ಪೈಪಿನಾಗ ನೀರ ಬಂತು. ನೀರ ಬಂತು, ಮಗಾ ಬರಲಿಲ್ಲ.”

ಹಾಜಿರಾಬಿ ಕೈಯೊಳಗಿನ ರೊಟ್ಟಿ ಕೆಳಗಿಟ್ಟಳು.

“ಗೊತ್ತಿತ್ತಾ ಅತ್ತಿ ನಿಮಗ?” ಸುಜಾತಾ ಕೇಳಿದಳು.

“ಮರುದಿನಾನ ಗೊತ್ತಾತು, ಕರೆಂಟ್ ಹೊಡೀತಂತ ಮಂದಿ ಅಂದಾಗ. ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ ಯವ್ವಾ? ಅದಕ್ಕ ಹಚ್ಚತಿದ್ದೆ. ನೀರ ಬರೂದು ನೋಡಿ ಯಾರರ ಬಂದು, ಮುದುಕಿ, ಇದು ನಿಂದೇನ ಅಂತ ಕೇಳ್ಯಾರು ಅಂತ. ನೀವೆಲ್ಲಾರೂ ದೆವ್ವ ಅಂದ್ರಿ. ಒಬ್ಬರೂ ನನ್ನ ಕೇಳಲಿಲ್ಲ.”